ಅರ್ಧಕ್ಕೆ ಬಿಡುವ ಲೈನು

ನಮ್ಮನೆಯವರು ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತಾರೆ. ಲಾರಿ ಬಂದು ನಿಲ್ಲಬೇಕು, ಇವರು ಗಾಜಿನ ಹಿಂದೆ ಕೂತು ಕೆಂಪು ಅಂಕಿ ನೋಡಿ ತೂಕ ಹೇಳಬೇಕು. ಇಂಥ ಮನುಷ್ಯ ಅಳೆದು ಸುರಿದು ನೋಡದೆ ಒಂದು ಪೊರಕೆಯನ್ನೂ ಕೊಳ್ಳುವುದಿಲ್ಲ. ಇನ್ನು ಬ್ಯಾಟರಿ ಕೊಳ್ಳುವುದೆಂದರೆ ಕೇಳಬೇಕೆ. ಮಹಡಿಯ ಮೇಲೆ ಸೋಲಾರ್ ಪ್ಯಾನೆಲ್ ಕೂತು ವರ್ಷ ಕಳೆದಿತ್ತು. ಹಗಲಿನ ಕರೆಂಟನ್ನು ಕೂಡಿಟ್ಟುಕೊಳ್ಳುವ ಬ್ಯಾಟರಿಗೆ ಮಾತ್ರ ಇನ್ನೂ ಕಾಲ ಕೂಡಿ ಬಂದಿರಲಿಲ್ಲ.

ಕೊನೆಗೂ ಅವಸರ ಹುಟ್ಟಿದ್ದು ಅತ್ತೆಯ ದೆಸೆಯಿಂದ. ಅವರ ಶ್ವಾಸಕೋಶ ಸೋತುಹೋಗಿದೆ. ಹಾಸಿಗೆ ಪಕ್ಕದ ಆಕ್ಸಿಜನ್ ಮಷೀನು ಹಗಲೂ ರಾತ್ರಿ ಓಡುತ್ತಿರಬೇಕು. ಕರೆಂಟ್ ಹೋದರೆ ಅದು ಕೀಕ್ ಕೀಕ್ ಎಂದು ಕೂಗುತ್ತದೆ. ಆಗ ಯಾರಾದರೂ ಓಡಿಹೋಗಿ, ಅವರ ಮೂಗಿನ ನಳಿಕೆಯನ್ನು ಮೂಲೆಯ ಸಿಲಿಂಡರಿಗೆ ಸಿಕ್ಕಿಸಿ ತಿರುಪು ಬಿಡಬೇಕು. ಅತ್ತೆಯ ಕೈಯಲ್ಲಿ ಆ ಬಲ ಇಲ್ಲ, ತುಟಿ ನೀಲಿಯಾಗಲು ಹೆಚ್ಚು ಹೊತ್ತೂ ಬೇಡ. ಈಚೆಗಂತೂ ಒಮ್ಮೆ ಹೋದ ಕರೆಂಟು ಹೋದೋರ ಹಾಗೆ ತಿರುಗಿಯೇ ನೋಡುವುದಿಲ್ಲ.

ಬ್ಯಾಟರಿ ಅಂಗಡಿಯವನು ಬಂದ. ಬಾಯಿ ತುಂಬ ಮಾತು, ಕೈ ತುಂಬ ಚಿತ್ರ. "ಮೊದಲು ಇದು ಹೇಳಿ ಸಾರ್, ಕರೆಂಟ್ ಹೋದಾಗ ಮನೇಲಿ ಏನೇನು ನಡೀತಾ ಇರ್ಬೇಕು?"

"ಫ್ಯಾನು, ಲೈಟು, ಫ್ರಿಜ್ಜು, ಟೀವಿ. ಇವಳದೊಂದು ಹೊಲಿಗೆ ಮಷೀನು, ಕರ್ಟನ್ ಹೊಲೀತಾಳೆ," ಎಂದರು ಇವರು.

ನಾನು ಕಾದೆ. ಮುಂದಿನ ಮಾತು ಬರಲಿಲ್ಲ. "ಅತ್ತೆಯ ಮಷೀನು," ಎಂದು ನಾನೇ ಹೇಳಿದೆ.

"ಹೌದೌದು. ಅದಕ್ಕೇ ತಾನೇ ಇಷ್ಟೆಲ್ಲ," ಎಂದರು.

ನೀರು ಹಾಕುವ ಬ್ಯಾಟರಿ ಬೇಡವೇ ಬೇಡ, ಅದರ ಗ್ಯಾಸು ಹೊರಗೆ ಹೋಗಲು ಜಾಗ ಬೇಕು, ರೋಗಿ ಇರುವ ಮನೆ ಎಂದ ಅಂಗಡಿಯವನು. ಲಿಥಿಯಂನಲ್ಲಿ ಎರಡಿದ್ದವು. ದೊಡ್ಡದಾದರೆ ಇಡೀ ಮನೆ ಬೆಳಗಿನವರೆಗೂ ನಿಶ್ಚಿಂತೆ. ಚಿಕ್ಕದರಲ್ಲಿ ಎರಡು ಲೈನು. ಒಂದು, ಬ್ಯಾಟರಿ ಪೂರ್ತಿ ಬರಿದಾಗುವ ತನಕ ಇರುತ್ತದೆ. ಇನ್ನೊಂದನ್ನು ಬ್ಯಾಟರಿ ಅರ್ಧಕ್ಕಿಳಿದ ಕೂಡಲೇ ತಾನಾಗಿ ಬಿಟ್ಟುಬಿಡುತ್ತದೆ, ಅದರ ಮೇಲಿದ್ದದ್ದೆಲ್ಲ ನಿಂತುಹೋಗುತ್ತದೆ.

"ಯಾವುದೇ ತಗೊಳ್ಳಿ, ಹತ್ತು ವರ್ಷ ಗ್ಯಾರಂಟಿ," ಎಂದ.

"ಹತ್ತು ವರ್ಷಾನಾ?" ಒಳಕೋಣೆಯಿಂದ ಅತ್ತೆಯ ದನಿ ಬಂತು. "ಹಾಗಾದ್ರೆ ನನಗಿಂತ ಗಟ್ಟಿಗಿತ್ತೀನೇ ತಂದಿದ್ದೀಯಪ್ಪ."

ಅಂಗಡಿಯವನು ಹೊಟ್ಟೆ ಕುಲುಕಿಸಿ ನಕ್ಕ, ನಾನೂ ನಕ್ಕೆ. ಇವರು ಮಾತ್ರ ನಗದೆ ದೊಡ್ಡ ಬ್ಯಾಟರಿಯ ಚಿತ್ರವನ್ನೇ ನೋಡುತ್ತಿದ್ದರು.

"ಅಲ್ಲ, ದೊಡ್ಡದು ತಗೊಂಡ್ವಿ ಅನ್ಕೊಳ್ಳಿ. ಮುಂದೆ ಲೋಡು ಕಮ್ಮಿ ಆದ್ರೆ? ಆಮೇಲೆ ಅಷ್ಟು ದೊಡ್ಡದು ದಂಡ ಅಲ್ವಾ?"

"ಲೋಡು ಯಾಕೆ ಕಮ್ಮಿ ಆಗತ್ತೆ ಸಾರ್? ಸಂಸಾರಸ್ಥರ ಮನೆ, ಬರ್ತಾ ಬರ್ತಾ ಜಾಸ್ತೀನೇ ಆಗೋದು."

ಇವರು ಟೀ ಲೋಟ ಎತ್ತಿ ಅದರ ತಳ ನೋಡಿದರು. ಕಮ್ಮಿಯಾಗಲಿರುವ ಲೋಡು ಯಾವುದೆಂದು ನನಗೆ ಹೊಳೆಯಿತು. ಒಳಗೆ ಅತ್ತೆಯ ಮಷೀನು ಗುರ್ರೆನ್ನುತ್ತಿತ್ತು. ಅವರಿಗೆ ಕೈಕೊಟ್ಟಿರುವುದು ಶ್ವಾಸಕೋಶ, ಕಿವಿಯಲ್ಲ.

ಕೊಂಡಿದ್ದು ಚಿಕ್ಕದನ್ನೇ. ಅದನ್ನು ನಡುಮನೆಯ ಗೋಡೆಗೆ ಕೂರಿಸಿದ ದಿನ, ಫಿಟ್ಟರು ವೈರು ಹಿಡಿದು ಯಾವ ರೂಮು ಯಾವ ಲೈನಿಗೆ ಎಂದು ಕೇಳಿದ.

"ಅಮ್ಮನ ರೂಮು ಅರ್ಧಕ್ಕೆ ಬಿಡೋ ಲೈನಿಗೆ. ಮಿಕ್ಕಿದ್ದು ಇನ್ನೊಂದಕ್ಕೆ."

ನನ್ನ ಕೈಯ ಕತ್ತರಿ ಅಲ್ಲೇ ನಿಂತಿತು. "ಏನ್ರೀ ಹೀಗಂದ್ರೆ?"

"ಆ ಮಷೀನು ಒಂದೇ ಬ್ಯಾಟರೀನೆಲ್ಲ ಕುಡಿದುಹಾಕತ್ತೆ. ಅಮ್ಮನಿಗಾದ್ರೆ ಸಿಲಿಂಡರ್ ಇದೆ. ಫ್ರಿಜ್ಜಿಗೆ ಇದೆಯಾ ಸಿಲಿಂಡರು?"

ಲೆಕ್ಕದಲ್ಲಿ ಇವರನ್ನು ಹಿಡಿಯುವುದು ಕಷ್ಟ, ತೂಕ ಯಾವಾಗಲೂ ಸರಿಯಾಗಿಯೇ ಇರುತ್ತದೆ. ನನಗೆ ಮೈಯೆಲ್ಲ ಉರಿಯಿತು. "ಫ್ರಿಜ್ಜು ಹಾಳಾಗಿ ಹೋಗ್ಲಿ, ನನ್ನ ಹೊಲಿಗೆ ಮಷೀನೂ ಹಾಳಾಗಿ ಹೋಗ್ಲಿ. ಅದನ್ನೆಲ್ಲ ಕಿತ್ತು ಅತ್ತೇದನ್ನ ಹಾಕಿ," ಎಂದೆ. ಫಿಟ್ಟರು ಒಮ್ಮೆ ನನ್ನ ಮುಖ, ಒಮ್ಮೆ ಇವರ ಮುಖ ನೋಡಿದ.

"ಅವನು ಹೇಳಿದ ಹಾಗೇ ಮಾಡಪ್ಪ," ಎಂದರು ಅತ್ತೆ ಒಳಗಿಂದ. ಉಸಿರು ಎಳೆದುಕೊಂಡು ಮತ್ತೆ ಹೇಳಿದರು, "ಮಷೀನು ನಿಂತ್ರೆ ಏನೀಗ? ನನ್ನ ಮಗ ಎದ್ದು ಬರ್ತಾನೆ."

ನಾನು ಮತ್ತೆ ಕತ್ತರಿ ಆಡಿಸತೊಡಗಿದೆ. ಅದರ ಮೇಲೂ ಹಟ ಹಿಡಿದರೆ ಅವರ ಮಗ ಏಳುವುದಿಲ್ಲ ಎಂದ ಹಾಗಾಗುತ್ತಿತ್ತು.

ಸುಳ್ಳು ಹೇಳಬಾರದು, ಇಂಥ ಮಗನನ್ನು ನಾನು ಇನ್ನೆಲ್ಲೂ ಕಂಡಿರಲಿಲ್ಲ. ಮೂರು ವರ್ಷ ತಾಯಿಯ ಮೈ ಒರೆಸಿದರು, ತಲೆ ಬಾಚಿದರು, ಮಲದ ಬಟ್ಟಲು ಎತ್ತಿದರು, ಒಂದು ದಿನ ಮುಖ ಸಿಂಡರಿಸಲಿಲ್ಲ. ಈಚೆಗೆ ಮಾತ್ರ ಕೋಣೆಯ ಬಾಗಿಲವರೆಗೆ ಹೋಗಿ, ಚೌಕಟ್ಟಿಗೆ ಕೈಯಿಟ್ಟು ನಿಂತು, ವಾಪಸು ಬರುತ್ತಿದ್ದರು. ಕೇಳಿದರೆ ಅಮ್ಮ ಮಲಗಿದ್ದಾಳೆ ಎನ್ನುತ್ತಿದ್ದರು. ಅತ್ತೆ ಮಲಗಿರುತ್ತಿರಲಿಲ್ಲ.

ಆಮೇಲೊಂದು ದಿನ ಮೋಡ ಕವಿದು ಕೂತಿತು. ಬೆಳಿಗ್ಗೆಯೇ ಕರೆಂಟು ಹೋಯಿತು. ಪ್ಯಾನೆಲ್ಲುಗಳಿಗೆ ಬಿಸಿಲು ಸಿಗದೆ ಮನೆಯೆಲ್ಲ ಬ್ಯಾಟರಿಯ ಮೇಲೇ ನಡೆಯಿತು. ಸಂಜೆ ಇವರು ಟೀವಿ ಮುಂದೆ ಕೂತಿದ್ದರು. ಕಣ್ಣು ಮಾತ್ರ ಕೈಯಲ್ಲಿದ್ದ ಫೋನಿನ ಮೇಲೆ, ಬ್ಯಾಟರಿ ಎಷ್ಟು ಉಳಿದಿದೆ ಎಂದು ಅದರಲ್ಲಿ ಕಾಣುತ್ತದೆ. ನಾನು ಮೂಲೆಯಲ್ಲಿ ಕರ್ಟನಿನ ಅಂಚು ಮಡಿಸುತ್ತಿದ್ದೆ. ಅರ್ಧಕ್ಕೆ ಬಂತೆಂದು ಇವರ ಭುಜ ನೋಡಿಯೇ ತಿಳಿಯಿತು.

ಕೋಣೆಯಲ್ಲಿ ಗುರ್ರೆನ್ನುವ ಸದ್ದು ನಿಂತಿತು. ಮಷೀನು ಕೀಕ್ ಎಂದು ಕೂಗಿಕೊಂಡಿತು.

ನಾನು ಏಳಲಿಲ್ಲ. ಇವರೇ ಏಳಲಿ, ಅತ್ತೆಯ ಮಾತು ಉಳಿಯಲಿ ಎಂದುಕೊಂಡೆ. ಇವರು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದರು. ತಲೆಯೆತ್ತಿ ಟೀವಿ ನೋಡತೊಡಗಿದರು. ಅದರಲ್ಲಿ ಯಾರೋ ಸೋಪಿನ ಬುರುಗು ತೋರಿಸುತ್ತಿದ್ದರು. ಮಷೀನು ಕೂಗುತ್ತಲೇ ಇತ್ತು. ಬೇರೆ ಏನಾದರೂ ಇರಬಹುದು, ಇವರಿಗೆ ಕೇಳಿಸಿಲ್ಲವೇನೋ ಎಂದು ಇವರ ಮುಖ ನೋಡಿದೆ. ಕೇಳಿಸುತ್ತಿತ್ತು. ಒಂದೊಂದು ಕೂಗಿಗೂ ಇವರ ದವಡೆ ಬಿಗಿಯುತ್ತಿತ್ತು.

ನಾನು ಬಟ್ಟೆ ಬಿಸಾಡಿ ಓಡಿದೆ.

ಕೋಣೆ ಕತ್ತಲಾಗಿತ್ತು. ಅತ್ತೆಯ ಬಾಯಿ ತೆರೆದಿತ್ತು, ಕಣ್ಣು ಬಾಗಿಲ ಕಡೆಗೇ ಇತ್ತು. ತಡಕಾಡಿ ನಳಿಕೆ ಸಿಕ್ಕಿಸಿ ತಿರುಪು ಬಿಟ್ಟೆ. ಸುಸ್ಸೆಂದು ಗಾಳಿ ಹರಿಯಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಉಸಿರು ಮರಳಿ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು.

"ಅವನೇನಾ?"

"ಹೂಂ ಅತ್ತೆ. ಅವರೇ ಬಂದು ತಿರುಪು ಬಿಟ್ಟು ಹೋದ್ರು. ನಾನು ಈಗ ಬಂದೆ."

ಅವರ ಬೆರಳು ನನ್ನ ಮಣಿಕಟ್ಟಿನ ಮೇಲೆ ಆಡಿತು. "ಅವನ ಕೈಗೆ ಯಾವಾಗ ಬಂತೇ ಬಳೆ?" ಎಂದರು. ತಮಾಷೆಯ ದನಿಯೇ. ಆಮೇಲೆ ಗೋಡೆಯ ಕಡೆ ಹೊರಳಿದರು.

ಹೊರಗೆ ಬಂದಾಗ ಇವರು, "ನೀನು ಎದ್ದೆಯಲ್ಲ ಅಂತ ಸುಮ್ಮನಾದೆ," ಎಂದರು. ನಾನು ಎದ್ದಿದ್ದು ಎಷ್ಟು ಹೊತ್ತಾದ ಮೇಲೆ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ನಾನು ಫಿಟ್ಟರಿಗೆ ಫೋನು ಮಾಡಲು ಹೋದಾಗ ಅತ್ತೆ ತಡೆದರು. "ಬೇಡ ಕಣೇ. ಲೈನು ಬದಲಾಯಿಸಿದ್ರೆ, ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗತ್ತೆ. ಆಮೇಲೆ ಅವನು ಈ ಮನೇಲಿ ಹೇಗೆ ತಲೆಯೆತ್ತಿ ಓಡಾಡ್ತಾನೆ?"

ಅತ್ತೆಯ ಮಾತು ಮೀರದಷ್ಟು ಒಳ್ಳೆಯ ಸೊಸೆ ನಾನಲ್ಲ. ಫಿಟ್ಟರನ್ನು ಕರೆಸಿ ಲೈನು ಅದಲು ಬದಲು ಮಾಡಿಸಿದೆ. ಇವರು ಅವನಿಗೆ ಟಾರ್ಚು ಹಿಡಿದು ನಿಂತರು. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಕೇಳಿ ಜಗಳ ಆಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಈಗ ಕರೆಂಟು ಹೋದರೆ, ಬ್ಯಾಟರಿ ಅರ್ಧಕ್ಕೆ ಇಳಿದ ಮೇಲೆ ನಡುಮನೆಯೆಲ್ಲ ಕತ್ತಲು. ಟೀವಿ, ಫ್ರಿಜ್ಜು, ನನ್ನ ಹೊಲಿಗೆ ಮಷೀನು ಎಲ್ಲ ನಿಲ್ಲುತ್ತವೆ. ಒಳಗೆ ಅತ್ತೆಯದೊಂದು ಓಡುತ್ತಿರುತ್ತದೆ. ಆದರೆ ಅರ್ಧದಿಂದ ಕೆಳಗೂ ಬ್ಯಾಟರಿಯ ಅಂಕಿ ಇಳಿಯುತ್ತಲೇ ಇರುತ್ತದಲ್ಲ. ಇವರು ಕುರ್ಚಿ ಬಿಟ್ಟು ಏಳುವುದಿಲ್ಲ, ಫೋನಿನ ಬೆಳಕು ಇವರ ಮುಖದ ಮೇಲಿರುತ್ತದೆ. ನಾನು ಅತ್ತೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತೇನೆ. ಕಟ್ಟಿಕೊಂಡ ಗಂಡನಿಗೆ ಹೀಗೆ ಹೆದರಿ ಕೂರಬೇಕಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

"ಇನ್ನು ಎಷ್ಟಿದೆಯೋ ಮಗಾ?" ಎಂದು ಅತ್ತೆ ಒಳಗಿಂದ ಕೇಳುತ್ತಾರೆ.

ಇವರು ಫೋನು ನೋಡಿ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾರೆ.