ಸಣ್ಣಿಯ ವೀಲ್‌ಚೇರು

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನಲ್ಲ ತಾನು ಎಂದೇ ಜಯಪ್ರಕಾಶ್ ನಂಬಿದ್ದ. ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಹಾಕುವ ರೈಟರ್ ಅವನು. ಅವರಿರುವ ಲೈನ್‌ಮನೆಗಳಲ್ಲಿ ಯಾರು ಕೆಮ್ಮಿದರೂ ತನಗೆ ಗೊತ್ತಾಗುತ್ತದೆ ಎಂಬ ಜಂಬ ಬೇರೆ.

ಪಿಕ್ಕಿಂಗ್ ಜೋರಾಗಿದ್ದ ಒಂದು ಬೆಳಿಗ್ಗೆ ಆಳು ಕಾಳ ಬಂದು, "ಚೋಮಿ ಮನೇಲಿ ಸಾವಾಗದೆ ರೈಟ್ರೇ. ಅವ್ಳೂ ಗಂಡ ಮಲ್ಲನೂ ಕೆಲ್ಸಕ್ಕೆ ಬರಲ್ಲ" ಎಂದ.

"ಹಣ್ಣು ಉದುರೋ ಹೊತ್ತಲ್ಲೇ ಸಾಯ್ಬೇಕಿತ್ತಾ?" ಎಂದು ಜಯಪ್ರಕಾಶ್ ಗೊಣಗಿದ. ಸತ್ತದ್ದು ಯಾರೆಂದು ಕೇಳಲಿಲ್ಲ.

ಕೆಲವು ದಿನ ಕಳೆದು ಜೀಪಿನಲ್ಲಿ ಆ ಕಡೆ ಹೋಗುವಾಗ, ಚೋಮಿಯ ಅಂಗಳದಲ್ಲಿ ಅವಳ ಮಗಳು ಸಣ್ಣಿಯ ವೀಲ್‌ಚೇರು ಬೋರಲಾಗಿ ಬಿದ್ದಿರುವುದು ಕಂಡಿತು. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲದ ಹುಡುಗಿ, ಅದಿಲ್ಲದೆ ಹೊಸಿಲು ದಾಟಿದವಳಲ್ಲ. ಮನೆಗೆ ಬೀಗ. ಸುತ್ತ ಚಾಪೆ, ಕಂಬಳಿ, ಪಾತ್ರೆಗಳೂ ಬಿಸಿಲಿಗೆ ಬಿದ್ದಿದ್ದವು, ಅವುಗಳ ಕಡೆ ಅವನು ಲಕ್ಷ್ಯ ಕೊಡಲಿಲ್ಲ. ಅಯ್ಯೋ, ಹೋದದ್ದು ಆ ಕೂಸಾ ಎಂದು ತಾನೇ ತೀರ್ಮಾನಿಸಿಬಿಟ್ಟ.

ಆಗ ಊರಿನ ಸೇವಾ ಬಳಗದವರು ಮಕ್ಕಳ ಹಳೆಯ ವೀಲ್‌ಚೇರುಗಳನ್ನು ಕೂಡಿಹಾಕುತ್ತಿದ್ದರು. ಮಕ್ಕಳು ಬೆಳೆದು ಕುರ್ಚಿ ಚಿಕ್ಕದಾದ ಮನೆಗಳಿಂದ ತಂದು, ರಿಪೇರಿ ಮಾಡಿಸಿ, ಕೀನ್ಯಾದಲ್ಲಿರುವ ತಮ್ಮ ಜೊತೆಗಾರ ಸಂಸ್ಥೆಗೆ ಕಳಿಸುವ ಕೆಲಸ. ನಮ್ಮ ಎಸ್ಟೇಟಿನಿಂದ ಒಂದೂ ಹೋಗಿಲ್ಲವಲ್ಲ ಎಂದು ಮ್ಯಾನೇಜರು ಮುಖ ಸಿಂಡರಿಸಿದ್ದರು. ಸಣ್ಣಿಯ ಕುರ್ಚಿ ಹೇಗೂ ಎಸ್ಟೇಟೇ ಕೊಡಿಸಿದ್ದು. ಕಣ್ಣೆದುರಿಗಿದ್ದರೆ ತಾಯಿಗೂ ಸಂಕಟ ಎಂದುಕೊಂಡು ಜಯಪ್ರಕಾಶ್ ಅದನ್ನು ಜೀಪಿಗೇರಿಸಿದ.

ಬಳಗದ ಸಭೆಯಲ್ಲಿ ಅವನಿಗೂ ಮೈಕು ಸಿಕ್ಕಿತು. "ನಮ್ಮ ಲೈನಿನ ಪುಟ್ಟ ಸಣ್ಣಿ ಇವತ್ತು ನಮ್ಮ ಜೊತೆಗಿಲ್ಲ. ಅವಳ ಕುರ್ಚಿ ಕಡಲಾಚೆ ಇನ್ನೊಂದು ಮಗುವನ್ನು ಹೊರುತ್ತೆ" ಎಂದ. ಮ್ಯಾನೇಜರೂ ಸೇರಿ ಎಲ್ಲರೂ ಎದ್ದು ಮೌನವಾಗಿ ನಿಂತರು. ಬಳಗದ ಅಧ್ಯಕ್ಷೆ ಪವಿತ್ರಾ ಕಣ್ಣೊರೆಸಿಕೊಂಡರು. ಆ ದಿನ ಜಯಪ್ರಕಾಶನಿಗೆ ತನ್ನ ಮೇಲೆ ತನಗೇ ಅಭಿಮಾನ ಉಕ್ಕಿತು.

ಮರುದಿನ ಚೋಮಿ ಕೆಲಸಕ್ಕೆ ಬಂದಳು. ಬೆನ್ನ ಮೇಲೆ ಸಣ್ಣಿ.

ಜಯಪ್ರಕಾಶ್ ಹಾಜರಿ ಪುಸ್ತಕದಿಂದ ತಲೆ ಎತ್ತಿದ. "ಇವ್ಳು... ಮತ್ತೆ ಸತ್ತಿದ್ದು?"

"ಅತ್ತೆ, ರೈಟ್ರೇ. ಸೂತಕ ಕಳ್ಯೋ ದಿನ ಮನೆ ಸಾಮಾನೆಲ್ಲ ತೊಳ್ದು ಬಿಸ್ಲಿಗೆ ಹಾಕಿ ಹೊಳೇಲಿ ಮೀಯಕ್ಕೆ ಹೋಗಿದ್ವಿ. ಬಂದು ನೋಡಿದ್ರೆ ಕುರ್ಚಿ ಇಲ್ಲ. ನೀವು ತಕೊಂಡೋದ್ರಿ ಅಂದ್ರು. ಎಸ್ಟೇಟಿಂದು ಎಸ್ಟೇಟಿಗೆ ಹೋಯ್ತು ಅಂತ ಸುಮ್ನಾದ್ವಿ."

ಮಗಳನ್ನು ಒಣಗಲು ಹರವಿದ ಕಾಫಿ ಹಣ್ಣಿನ ಪಕ್ಕ, ಗೋಣಿಯ ಮೇಲೆ ಕೂರಿಸಿ ಚೋಮಿ ಕುಕ್ಕೆ ಎತ್ತಿಕೊಂಡಳು. ಅವಳು ನಾಲ್ಕು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗುಟ್ಟಾಗಿ ಬೇರೆ ಕುರ್ಚಿ ತಂದುಕೊಟ್ಟರಾಯಿತು ಎಂಬ ಯೋಚನೆ ಬಂತು. ಬಂದದ್ದಕ್ಕೇ ನಾಚಿಕೆಯಾಯಿತು. ಜೀಪು ಹತ್ತಿ ಓಡಿದ. ಬಳಗದ ಶೆಡ್ಡಿನ ಮುಂದೆ ಲಾರಿ ತುಂಬಿ ನಿಂತಿತ್ತು. ಸುತ್ತ ಸಭೆಯಲ್ಲಿದ್ದ ಅವೇ ಮುಖಗಳು.

"ಏನೋ ಸ್ವಲ್ಪ ಗೊಂದಲ ಆಗಿದೆ ಮೇಡಂ, ನಮ್ಮ ಕುರ್ಚಿ..." ಎಂದು ತೊದಲಿದ.

"ಆ ಮಗೂದಲ್ವಾ? ಅದನ್ನೇ ಮೊದಲು ಹತ್ತಿಸಿದ್ದು, ಎಲ್ಲಕ್ಕಿಂತ ಒಳಗಿದೆ" ಎಂದರು ಪವಿತ್ರಾ, ಭಕ್ತಿಯಿಂದ.

"ಮಗು ಬದುಕಿದೆ ಮೇಡಂ. ನಾನು ಯಾರನ್ನೂ ಕೇಳ್ಲಿಲ್ಲ."

ಯಾರೂ ಮಾತಾಡಲಿಲ್ಲ. ಒಂದೊಂದೇ ಕುರ್ಚಿ ಕೆಳಗಿಳಿಯಿತು, ಅವನು ತಲೆ ತಗ್ಗಿಸಿ ನಿಂತೇ ಇದ್ದ. ಸಭೆಯ ಆ ಮೌನ ಇಷ್ಟು ಉದ್ದವಿರಲಿಲ್ಲ.

ಸಂಜೆ ಅವನೇ ಸಣ್ಣಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, "ತಪ್ಪಾಯ್ತು ಕೂಸೇ" ಎಂದ. ಅವಳಿಗೆ ಆ ಮಾತು ಬೇಕಿರಲಿಲ್ಲ, ಕೇಳುವುದು ಬೇರೆಯೇ ಇತ್ತು.

"ರೈಟ್ರೇ, ನಾನು ಸತ್ತೆ ಅಂತ ಎಲ್ರೂ ಎದ್ದು ನಿಂತಿದ್ರಂತೆ, ಜೀಪಿನ ಡ್ರೈವರಣ್ಣ ಹೇಳ್ತು. ಮ್ಯಾನೇಜರೂ ನಿಂತಿದ್ರಾ?"

"ಹೂಂ."

"ನಂಗೋಸ್ಕರಾನಾ?"

"ಹೂಂ ಕಣವ್ವ."

ಸಣ್ಣಿಯ ಮುಖ ಹಿಗ್ಗಿನಿಂದ ಅರಳಿತು. ಜಯಪ್ರಕಾಶನಿಗೆ ಆ ಮುಖ ನೋಡಲಾಗಲಿಲ್ಲ.