ಮೊದಲು ನಕ್ಕವರು

ನನ್ನ ಕತೆಯಲ್ಲಿ ಜಗಳವೇ ಇಲ್ಲವೆಂದು ಧಾರವಾಡದ ಸಂಪಾದಕರು ಫೋನಿನಲ್ಲಿ ಪಾಠ ಶುರುಮಾಡಿದರು. ನಾನು ನರೇಗಲ್ಲಿನ ಸಾಲೆಯಲ್ಲಿ ದಿನವಿಡೀ ಪಾಠ ಹೇಳುವವಳು. ಇನ್ನೊಬ್ಬರ ಪಾಠ ಕೇಳುವ ತಾಳ್ಮೆ ನನಗೆ ಮೊದಲೇ ಕಡಿಮೆ.

"ಎಲ್ಲಾರೂ ನಗತಾರ, ಉಣತಾರ, ಮನಿಗೆ ಬರತಾರ. ಇದರಾಗ ಕತಿ ಎಲ್ಲೈತ್ರಿ, ರಾಜೇಶ್ವರಿಯವರ?"

ಕತೆಯ ಇಬ್ಬರು ಹೆಂಗಸರಲ್ಲಿ ಒಬ್ಬಳು ಭಾವಿಗೆ ಬೀಳಲಿ ಎಂದರು. ಸೋಮವಾರದೊಳಗೆ ತಿದ್ದಿ ಕಳಿಸಿದರೆ ವಿಶೇಷಾಂಕಕ್ಕೆ, ಇಲ್ಲವಾದರೆ ಆ ಪುಟ ಬೇರೆಯವರಿಗೆ. ಹತ್ತು ವರ್ಷ ಕತೆ ಕಳಿಸಿ ಕಳಿಸಿ ಮೊದಲ ಸಲ ಸಿಕ್ಕ ಜಾಗ ಅದು, ಬಿಡಲು ಮನಸ್ಸಿಲ್ಲ. ಆದರೆ ಆ ಇಬ್ಬರು ನನ್ನ ಅವ್ವ ಗೌರವ್ವ ಮತ್ತು ಚಿಗವ್ವ ನಿರ್ಮಲಾ. ಯಾರನ್ನು ತಳ್ಳಲಿ? ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು! ಭಾವಿಗೆ ಯಾರೂ ಬೀಳುವುದಿಲ್ಲ, ಜಗಳ ಬೇಕಾದರೆ ಖರೇ ಜಗಳವನ್ನೇ ಕೊಡುತ್ತೇನೆ ಎಂದು ಹೇಳಿ ಫೋನಿಟ್ಟೆ.

ಏಕೆಂದರೆ ಜಗಳ ಇತ್ತು. ನಾನೇ ಮುಚ್ಚಿಟ್ಟಿದ್ದೆ. ಮನೆಮಾತು ಹೊಸ್ತಿಲು ದಾಟಬಾರದೆಂದು ಕೇಳುತ್ತ ಬೆಳೆದವಳು ನಾನು. ಒಬ್ಬರ ತವರಿನವರ ಮೇಲೆ ಇನ್ನೊಬ್ಬರು ಆಡಿದ ಒಂದು ಮಾತಿಗೆ ಈ ಇಬ್ಬರು ವಾರಗಿತ್ತಿಯರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಚಿಗವ್ವ ಗಜೇಂದ್ರಗಡದಲ್ಲಿ ಬೇರೆ ಮನೆ ಮಾಡಿದಳು. ಆದರೂ ಎಳ್ಳ ಅಮಾವಾಸ್ಯೆಗೆ ರಾಜೂರಿನ ನಮ್ಮ ಹೊಲಕ್ಕೆ ಚರಗ ಚೆಲ್ಲಲು ತಪ್ಪದೆ ಬರುತ್ತಾಳೆ. ಭೂಮಿತಾಯಿಗೆ ಉಣಿಸುವ ಕೆಲಸ, ಅದಕ್ಕೆ ಇಬ್ಬರು ಬೇಕು. ಅವ್ವ ಮುಂದೆ ಎಡೆ ಚೆಲ್ಲುತ್ತ "ಹುಲಿಗ್ಯೋ" ಎಂದು ಕೂಗುತ್ತಾಳೆ, ಚಿಗವ್ವ ಹಿಂದಿನಿಂದ ನೀರು ಚಿಮುಕಿಸುತ್ತ "ಸಲಾಂಬ್ರಿಗ್ಯೋ" ಎನ್ನುತ್ತಾಳೆ. ವರ್ಷಕ್ಕೆ ಅವರ ನಡುವಿನ ಮಾತು ಅಷ್ಟೇ.

ನಾಲ್ಕು ವರ್ಷದ ಹಿಂದೆ ಕಾಲು ಎರೆಹೊಲದ ಬಿರುಕಿಗೆ ಸಿಕ್ಕಿ, ಅವ್ವ ಬುಟ್ಟಿ ಸಮೇತ ದೊಪ್ಪನೆ ಕೂತಳು. ಕೂತಲ್ಲಿಂದಲೇ "ಹುಲಿಗ್ಯೋ" ಎಂದು ಕೂಗನ್ನೂ ಹಾಕಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಬಂದರು. ನಾನು ನಗುವನ್ನಷ್ಟೇ ಬರೆದಿದ್ದೆ.

ಶನಿವಾರ ಸಾಲೆ ಬಿಟ್ಟ ಮೇಲೆ ಜಗಳ, ನಗು ಎರಡನ್ನೂ ಕೂಡಿಸಿ ಬರೆದೆ. ಜೋಳ ಹಸನು ಮಾಡುತ್ತ ಕೂತಿದ್ದ ಅವ್ವನಿಗೆ ಓದಿ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ.

"ಮೊದಲ ನಕ್ಕಾಕಿ ನಿಮ್ಮ ಚಿಗವ್ವ. ಅದನ್ನ ಹಾಕು. ಆದ್ರ ಆಕಿನ್ನ ಕೇಳದ ಅಚ್ಚಿಗೆ ಕೊಡಬ್ಯಾಡ," ಎಂದಳು.

ಭಾನುವಾರ ಮುಂಜಾನೆ ಗಜೇಂದ್ರಗಡದ ಬಸ್ಸು ಹತ್ತಿದೆ. ಚಿಗವ್ವ ಒಲ್ಲೆನೆಂದರೆ ಕತೆ ಅಲ್ಲಿಗೇ ಮುಗಿಯಿತು. ಮುನಿಸಿಕೊಂಡು ಹೊಲಕ್ಕೆ ಬರುವುದನ್ನೂ ಬಿಟ್ಟಳೆಂದರೆ ಆ ಪಾಪವೂ ನನ್ನ ತಲೆಗೇ. ಹೆದರಿಕೆಯಾಗಿತ್ತು. ಆದರೂ ಆಕೆಯ ಮುಂದೆ ಕೂತು ಒಂದಕ್ಷರ ಬಿಡದೆ ಓದಿದೆ. ಜಗಳದ ಭಾಗವನ್ನು ಆಕೆ ಹಾಗೇ ಹೋಗಗೊಟ್ಟಳು. ನಗುವಿನ ಸಾಲು ಬಂದದ್ದೇ ತಡ, ಕೈ ಅಡ್ಡ ಹಿಡಿದು, ಮೊದಲು ನಕ್ಕವಳು ತಾನೆಂದು ಯಾರು ಹೇಳಿದರು ಎಂದು ಕೇಳಿದಳು. ಅವ್ವ ಎಂದೆ.

ಬಿದ್ದವರನ್ನು ನೋಡಿ ನಗುವ ಹೆಂಗಸು ತಾನಲ್ಲ, ನೀರಿನ ಚರಿಗೆ ಬಿಟ್ಟು ಎಬ್ಬಿಸಲು ಓಡಿದವಳು, ಬಿದ್ದವಳೇ ಮೊದಲು ನಕ್ಕಳು ಎಂದು ಚಿಗವ್ವ ಕೆಂಡವಾದಳು. ತಿದ್ದುತ್ತೇನೆ ಎಂದೆ. ನೀನು ಹಾಳೆಯಲ್ಲಿ ತಿದ್ದಿದರೆ ಏನಾಯಿತು, ಆಕೆಯ ತಲೆಯಲ್ಲಿ ಹಾಗೇ ಉಳಿಯುತ್ತದಲ್ಲ, ಫೋನ್ ಹಚ್ಚು ಎಂದಳು. ಹಚ್ಚಿ ಕೊಟ್ಟೆ.

"ಅಕ್ಕಾ, ನಾ ನಿರ್ಮಲಾ. ಅವತ್ತ ಮೊದಲ ನಕ್ಕಾಕಿ ನೀನ. ಹುಡುಗಿಗೆ ಸುಳ್ಳ ಯಾಕ ಹೇಳಿದಿ?"

ಆ ಕಡೆಯಿಂದ ಅವ್ವನ ದನಿ ನನಗೂ ಕೇಳಿಸಿತು.

"ಹೌದು, ನಾನ ಮೊದಲ ನಕ್ಕೆ. ನೀ ನಗ್ತಿಯೇನೋ ಅಂತ ನಕ್ಕೆ."

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಕೈಯಿಂದ ನನ್ನ ಹಾಳೆಯನ್ನು ತಟ್ಟಿ, ಬರಿ, ಹೀಗೇ ಬರಿ ಎಂದು ಸನ್ನೆ ಮಾಡಿದಳು. ನಾನು ಅಳುತ್ತಲೇ ಬರೆದುಕೊಂಡೆ.