ಮೊದಲು ಹೇಳಿದವನು

ಗುಣಿಗೆ ಇಳಿದು ಅಂಚು ಕೆತ್ತುತ್ತಿದ್ದ ಅಜ್ಮತುಲ್ಲಾನ ಕೈಯಿಂದ ಷಡಕ್ಷರಿ ಗುದ್ದಲಿ ಕಿತ್ತುಕೊಂಡರು. ಹೆಣ ಕೂರಿಸಲು ಇಷ್ಟು ಅಗಲ ಧಾರಾಳ ಅಂದರು. ಗುಬ್ಬಿಯ ಜೇನು ಸಾಕುವವರ ಸಂಘಕ್ಕೆ ಅವರು ಅಧ್ಯಕ್ಷರು. ಶಿರಾ ಗೇಟ್‌ನಲ್ಲಿ ಜೇನುಪೆಟ್ಟಿಗೆ ಮಾಡುವ ಅಜ್ಮತುಲ್ಲಾ ಕಾರ್ಯದರ್ಶಿ. ಸತ್ತ ಗುಂಡಯ್ಯನನ್ನು ಸಂಘ ಹನ್ನೊಂದು ವರ್ಷದ ಹಿಂದೆಯೇ ಹೊರಗೆ ಹಾಕಿತ್ತು. ಆದರೂ ಇಪ್ಪತ್ತೆರಡು ಮಂದಿ ಸದಸ್ಯರೂ ಮಣ್ಣಿಗೆ ಬಂದಿದ್ದರು. ಅವನ ಮನೆಯಲ್ಲಿ ನೀರು ಮುಟ್ಟದವರು ಇವತ್ತು ಹೆಗಲು ಕೊಡಲು ನಾ ಮುಂದು ತಾ ಮುಂದು ಅಂದಿದ್ದರು.

ಗುಂಡಯ್ಯನ ಹೆಂಡತಿ ಹೊಂಬಾಳಮ್ಮನಿಗೆ ಇವತ್ತಾದರೂ ನಿಜ ಹೇಳಿಬಿಡಬೇಕೆಂದು ಅಜ್ಮತುಲ್ಲಾ ಬಸ್ಸಿನಲ್ಲೇ ಮನಸ್ಸು ಗಟ್ಟಿಮಾಡಿಕೊಂಡಿದ್ದ.

*

ತೊಂಬತ್ತೆರಡರಲ್ಲಿ ಜೇನಿಗೆ ರೋಗ ಬಂದು ಮರಿಹುಳುಗಳು ಮೇಣದ ಎರಿಯಲ್ಲೇ ನೀರುಗಟ್ಟಿ ಸಾಯತೊಡಗಿದವು. ಒಬ್ಬರ ಪೆಟ್ಟಿಗೆ ಸೊರಗಿದರೆ ಇನ್ನೊಬ್ಬರು ತಮ್ಮದರಿಂದ ಮರಿ ತುಂಬಿದ ಎರಿಯೊಂದನ್ನು ತೆಗೆದು ಕೊಡುವುದು ಸಂಘದ ಪದ್ಧತಿ. ಅಜ್ಮತುಲ್ಲಾ ಗುಂಡಯ್ಯನಿಗೂ ಇನ್ನೂ ಆರು ಜನಕ್ಕೂ ಹಾಗೆ ಕೊಟ್ಟಿದ್ದ. ವಾರದಲ್ಲಿ ಅಜ್ಮತುಲ್ಲಾನ ಜೇನೆಲ್ಲ ಅದೇ ರೋಗದಿಂದ ಸತ್ತಿತು. ಅವನು ಬಾಯಿಬಿಡಲಿಲ್ಲ.

ಗುಂಡಯ್ಯ ಬಾಯಿಬಿಟ್ಟ. ನನ್ನ ಪೆಟ್ಟಿಗೆಗೆ ರೋಗ ಬಂದಿದೆ, ನಿಮ್ಮದನ್ನು ನೋಡಿಕೊಳ್ಳಿ ಎಂದು ಸಭೆಯಲ್ಲಿ ಎದ್ದು ಹೇಳಿದ. ಮೊದಲು ಹೇಳಿದವನೇ ರೋಗ ತಂದವನು ಎಂದಾಯಿತು. ಅವನ ಮೂವತ್ತು ಪೆಟ್ಟಿಗೆಗಳನ್ನೂ ಎಲ್ಲರೂ ಸೇರಿ ಸುಟ್ಟರು. ಚೆನ್ನಾಗಿದ್ದವನ್ನೂ ಬಿಡಲಿಲ್ಲ.

ರೋಗ ಹೋದದ್ದು ತನ್ನ ಎರಿಗಳಿಂದ ಎಂದು ಅಂದೇ ಅಜ್ಮತುಲ್ಲಾ ಷಡಕ್ಷರಿಯ ಬಳಿ ತಪ್ಪೊಪ್ಪಿಕೊಂಡಿದ್ದ.

“ಇಪ್ಪತ್ತೆರಡು ಜನ ಒಂದು ಮಾತಿಗೆ ಬಂದಿರೋದು ಇದೇ ಮೊದ್ಲು ಕಣೋ,” ಅಂದಿದ್ದರು ಅವರು. “ಕೆಡಿಸ್ಬೇಡ.”

ಅವರ ಲೆಕ್ಕ ತಪ್ಪಲಿಲ್ಲ. ಆಮೇಲೆ ಸಂಘದಲ್ಲಿ ಜಗಳ ಹತ್ತಿದಾಗಲೆಲ್ಲ ಯಾರಾದರೂ ಗುಂಡಯ್ಯನ ಹೆಸರೆತ್ತುವರು. ಎಲ್ಲರೂ ಮನಸಾರೆ ಬಯ್ದು, ಹಗುರಾಗಿ, ಒಟ್ಟಿಗೆ ಟೀ ಕುಡಿಯುವರು. ಅಜ್ಮತುಲ್ಲಾನೂ ಬಯ್ದಿದ್ದ.

*

ಮಣ್ಣು ಮುಚ್ಚಿದ ಮೇಲೆ ಹೊಂಬಾಳಮ್ಮ ನೇರ ಅಜ್ಮತುಲ್ಲಾನ ಮುಂದೆ ಬಂದು ನಿಂತಳು.

“ನನ್ನಿಂದ ಎಲ್ರ ಜೇನು ಹಾಳಾಯ್ತು ಅಂತ ಸಾಯೋಗಂಟ ಕೊರಗಿದ್ರು. ನೀವು ಸುಳ್ಳು ಹೇಳೋರಲ್ಲ. ಅವ್ರಿಂದ್ಲೇ ಬಂತಾ ಸಾಬ್ರೇ?”

ಅವನ ಹಿಂದೆ ಇಡೀ ಸಂಘ ಕಿವಿಗೊಟ್ಟು ನಿಂತಿತ್ತು. ಇವರು ಬೇಡವೆಂದರೆ ಅವನ ಪೆಟ್ಟಿಗೆ ಮೂಸುವವರಿಲ್ಲ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

“ಆಗಿದ್ದು ಆಗೋಯ್ತಮ್ಮ,” ಅಂದ. “ನಾವೆಲ್ಲ ಅವ್ರನ್ನ ಕ್ಷಮಿಸಿದೀವಿ.”

ಹೊಂಬಾಳಮ್ಮನ ಮುಖ ತಿಳಿಯಾಯಿತು. ಹಸಿ ಮಣ್ಣಿನಲ್ಲಿ ಮೊಣಕಾಲೂರಿ, ಸಾಲಾಗಿ ನಿಂತವರ ಕಾಲನ್ನು ಒಂದೊಂದಾಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ಬಂದಳು. ಯಾರೂ ಕಾಲು ಹಿಂದಕ್ಕೆ ತೆಗೆಯಲಿಲ್ಲ.